ಪಂಪ್‌ಹೌಸಿನ ಇರುವೆ ಸಾಲು

ಮೋಟಾರು ಹಾಕಲು ಬೆಳಿಗ್ಗೆ ತೋಟಕ್ಕೆ ಬಂದ ಆಳು ಕಾಡಸಿದ್ದಪ್ಪ ಪಂಪ್‌ಹೌಸಿನ ಒಳಗೆ ಕಾಲಿಟ್ಟವನೇ ಹಿಂದಕ್ಕೆ ಹಾರಿದ. ಗೋಣಿತಾಟಿನ ಮೇಲೆ ಧಣಿಯ ಮಗ ಬೆಟ್ಟಸ್ವಾಮಿ ಅಂಗಾತ ಮಲಗಿದ್ದ. ಕಣ್ಣು ಅರ್ಧ ತೆರೆದಿತ್ತು. ಮುಟ್ಟಿ ನೋಡಿದರೆ ಮೈ ತಣ್ಣಗಿತ್ತು.

ಎಪ್ಪತ್ತೊಂಬತ್ತನೇ ಇಸವಿಯ ಬೇಸಿಗೆ ಅದು. ತಿಪಟೂರಿನ ಸಬ್ ಇನ್ಸ್‌ಪೆಕ್ಟರ್ ಗಂಗಾಧರಯ್ಯ ಜೀಪಿನಲ್ಲಿ ಬಿಳಿಗೆರೆ ತಲುಪುವ ಹೊತ್ತಿಗೆ ತೋಟದ ತುಂಬ ಜನ. ಸತ್ತವನು ಪಿಯುಸಿ ಎರಡನೇ ವರ್ಷದ ಹುಡುಗ. ಹಿಂದಿನ ದಿನ ತಾನೇ ಕಡೆಯ ಪರೀಕ್ಷೆ ಬರೆದಿದ್ದ. ಬಾಯಿಯ ಹತ್ತಿರ ಬಗ್ಗಿದರೆ ಸಾರಾಯಿ ವಾಸನೆ ಇನ್ನೂ ಇತ್ತು.

ತಂದೆ ಶಂಭುಲಿಂಗಯ್ಯ ಕೊಬ್ಬರಿ ವ್ಯಾಪಾರದಲ್ಲಿ ಹೆಸರು ಮಾಡಿದ ಮನುಷ್ಯ. ಹಣೆಯ ತುಂಬ ವಿಭೂತಿ. ಊರಿನ ಪಂಚಾಯ್ತಿಗೆ ಅವರ ಮಾತೇ ಕೊನೆ. ಅಂಥವರು ನೆಲದ ಮೇಲೆ ಕೂತು ಹಣೆ ಚಚ್ಚಿಕೊಳ್ಳುತ್ತಿದ್ದರು.

"ಆ ಸಾರಾಯಿ ಅಂಗ್ಡಿ ಹುಚ್ಚರಂಗಯ್ಯ ನನ್ ಮಗನ್ನ ಕೊಂದ ಸಾರ್. ಹಾಲು ಕುಡಿಯೋ ಮಗೀಗೆ ವಿಷ ಹಾಕ್ದ."

"ರಾತ್ರಿ ಮಗ ಮನೆಗೆ ಬರಲಿಲ್ಲವೇ?"

"ಮನೇಲಿ ನೆಂಟ್ರಿದ್ರು ಸಾರ್. ಹೊನ್ನವಳ್ಳಿಯೋರು, ಮಗಳ ಸಂಬಂಧ ಮಾತಾಡಕ್ಕೆ ಬಂದಿದ್ರು. ನಾನು ಅವರ ಜತೇಲೇ ಇದ್ದೆ. ಇವ್ನು ಹಾಸ್ಟೆಲಲ್ಲಿ ಸ್ನೇಹಿತ್ರ ಜತೆ ಇದ್ದಾನೆ ಅಂದ್ಕಂಡೆ."

ಗಂಗಾಧರಯ್ಯ ಹೆಣದ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಅವರದು ನಿಧಾನದ ಸ್ವಭಾವ. ಠಾಣೆಯಲ್ಲಿ ಬೆನ್ನ ಹಿಂದೆ ಅವರನ್ನು ಎಮ್ಮೆ ಸಾಹೇಬರು ಅನ್ನುತ್ತಿದ್ದರು. ಎಮ್ಮೆ ನಿಧಾನ ನಿಜ, ಆದರೆ ಮೇದದ್ದನ್ನೆಲ್ಲ ಮತ್ತೆ ಮೆಲುಕು ಹಾಕುತ್ತದೆ ಅನ್ನುವುದು ಆ ನಗುವವರಿಗೆ ಗೊತ್ತಿರಲಿಲ್ಲ.

ಹುಡುಗನ ತಲೆಗೂದಲಲ್ಲಿ ಒಣ ಮಣ್ಣು. ಅಂಗಿಯ ಗುಂಡಿಗಳೆಲ್ಲ ಸರಿಯಾಗಿ ಹಾಕಿದ್ದವು. ಕೊರಳಲ್ಲಿ ಶಿವದಾರ, ಎದೆಯ ಮೇಲೆ ಲಿಂಗ ಇಡುವ ಬೆಳ್ಳಿಯ ಕರಡಿಗೆ. ಕೆಳದುಟಿಯಿಂದ ಕೊರಳಪಟ್ಟಿಯವರೆಗೆ ಇರುವೆ ಸಾಲು. ಕೆಂಪಿರುವೆ, ಸಣ್ಣವು, ಬಿಡದೆ ಓಡಾಡುತ್ತಿದ್ದವು. ಹೊರಗೆ, ಬಾಗಿಲಿಗೆ ತಾಗಿದಂತೆ ಸಿಮೆಂಟಿನ ನೀರು ತೊಟ್ಟಿ. ಅದರ ತುಂಬ ಹಸಿರು ಪಾಚಿ.

ಬಿಸಿಲೇರಿತು. ಗಂಗಾಧರಯ್ಯ ಮುಖ ಒರೆಸಿಕೊಂಡರು. ಸುತ್ತ ಕಣ್ಣು ಹಾಯುವಷ್ಟು ದೂರ ತೆಂಗಿನ ಮರ, ಕುಡಿಯಲು ಒಂದು ಹನಿ ಇಲ್ಲ.

"ಇಲ್ಲಿ ಎಳನೀರು ಕೇಳ್ಬ್ಯಾಡಿ ಸಾರ್," ಕಾನ್ಸ್‌ಟೇಬಲ್ ಗಿಡ್ಡಯ್ಯ ಪಿಸುಗುಟ್ಟಿದ. "ಎಳಗಾಯಿ ಕಿತ್ರೆ ಒಂದು ಕೊಬ್ರಿ ಕೊಂದಂಗೆ ಅಂತಾರೆ ಈ ಯಜಮಾನ್ರು. ಹೆಂಡ್ತಿ ಬಸುರಿ ಬಯಕೆ ಅಂದಾಗ್ಲೂ ಕಿತ್ತು ಕೊಡ್ಲಿಲ್ವಂತೆ. ಸುತ್ತ ಹತ್ತೂರಿಗೂ ಗೊತ್ತು."

ಆ ಸೀಮೆಯಲ್ಲಿ ಇದು ಜಿಪುಣತನವೆಂದು ಯಾರೂ ಅನ್ನುವುದಿಲ್ಲ. ಕಾಯಿ ಮರದಲ್ಲೇ ಬಲಿಯಬೇಕು. ಅಟ್ಟದ ಮೇಲೆ ವರ್ಷವಿಡೀ ಕೂತು, ಒಳಗಿನ ನೀರೆಲ್ಲ ಬತ್ತಿ ಗಿಟುಕು ಕೊಬ್ಬರಿಯಾಗಬೇಕು. ಕಾಯುವುದೇ ಅಲ್ಲಿಯ ಬೇಸಾಯ. ಗಂಗಾಧರಯ್ಯನೂ ಚಿಕ್ಕನಾಯಕನಹಳ್ಳಿ ಕಡೆಯ ಮಗನೇ, ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

* * *

ಹುಚ್ಚರಂಗಯ್ಯನ ಸಾರಾಯಿ ಅಂಗಡಿ ತಿಪಟೂರಿನ ಹೊರಗೆ, ಕೆರೆ ಏರಿಯ ಬಳಿ. ಬಾಗಿಲಲ್ಲಿ ಸರ್ಕಾರದ ಬೋರ್ಡು ತೂಗುತ್ತಿತ್ತು. 'ವಯಸ್ಸು ತುಂಬದವರಿಗೆ ಮದ್ಯ ಮಾರಕೂಡದು.' ಬೋರ್ಡು ಹಾಕಿದ ಮೊಳೆಗೇ ಹುಚ್ಚರಂಗಯ್ಯ ತನ್ನ ಒದ್ದೆ ಟವಲ್ಲನ್ನೂ ನೇತುಹಾಕಿದ್ದ. ಅಕ್ಷರಗಳಲ್ಲಿ 'ಮಾರಕೂಡದು' ಅನ್ನುವುದು ಟವಲ್ಲಿನ ಹಿಂದೆ ಹೋಗಿತ್ತು.

"ಆ ಹುಡುಗನಿಗೆ ಸಾರಾಯಿ ಕೊಟ್ಟೆಯೋ ಇಲ್ಲವೋ?"

"ಕೊಟ್ಟೆ ಬುದ್ಧಿ. ಸುಳ್ಳು ಯಾಕೆ ಹೇಳ್ಲಿ? ಮೀಸೆ ಬಂದಿತ್ತು. ಮೀಸೆ ಬಂದೋನ್ನ ನಿಂತ್ಕಂಡು ನಿಂಗೆ ವಯಸ್ಸೆಷ್ಟಪ್ಪ ಅಂತ ಕೇಳಕ್ಕಾಯ್ತದಾ?"

"ಕೇಳಬೇಕು ಅಂತಲೇ ಕಾನೂನು ಇರುವುದು."

"ಕಾನೂನು ಗೋಡೆ ಮ್ಯಾಲೈತಲ್ಲ ಬುದ್ಧಿ. ನಾನೂ ಧರ್ಮ ಬುಟ್ಟೋನಲ್ಲ. ಕೊರಳಾಗೆ ಲಿಂಗ ಇದ್ದೋರಿಗೆ ನನ್ನ ಕೈಯಾಗೆ ಒಂದು ಹನಿ ಕೊಡಲ್ಲ. ಆ ಹುಡ್ಗ ಬಂದಾಗ ಕರಡಿಗೆ ಕಾಣ್ತು. ಆಗಲ್ಲ ಕಣಪ್ಪ ಅಂದೆ. ಅಲ್ಲೇ ಬಿಚ್ಚಿ, ಕರ್ಚೀಪಿನಾಗೆ ಕಟ್ಟಿ, ಜತೆಗಾರನ ಕೈಗೆ ಕೊಟ್ಟ. ಆಮ್ಯಾಲೆ ಕೊಟ್ಟೆ."

ವಯಸ್ಸು ನೋಡೆಂದರೆ ಲಿಂಗ ನೋಡುವ ಧರ್ಮಾತ್ಮ. ಗಂಗಾಧರಯ್ಯನಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಆದರೆ ಕೈ ಏಳುವ ಮೊದಲೇ ತಲೆ ಬೇರೆ ಕಡೆ ಓಡಿತು. ಅಂಗಡಿಯಲ್ಲಿ ಬಿಚ್ಚಿದ ಲಿಂಗ ಬೆಳಿಗ್ಗೆ ಕೊರಳಿಗೆ ಹೇಗೆ ಬಂತು?

"ಜತೆಗಾರ ಯಾರು?"

"ನಂಜುಂಡ ಅಂತ, ಗೌಡರ ಹುಡ್ಗ. ಅದೇ ಕಾಲೇಜಿನೋನು."

ಅಬಕಾರಿಯವರು ಬಂದು ಪೀಪಾಯಿಯಿಂದ ಮಾದರಿ ತೆಗೆದರು. ಅದೇ ಪೀಪಾಯಿಯಿಂದ ಹಿಂದಿನ ಸಂಜೆ ಅರ್ಧ ಊರು ಕುಡಿದಿತ್ತು. ಎಲ್ಲರೂ ತಲೆನೋವಿನೊಂದಿಗೆ ಎದ್ದು ಕೆಲಸಕ್ಕೆ ಹೋಗಿದ್ದರು.

* * *

"ವಿಷ ಇಲ್ಲ," ಹೆಣ ಕೊಯ್ದು ನೋಡಿದ ಡಾಕ್ಟರು ಕೈ ತೊಳೆಯುತ್ತ ಹೇಳಿದರು. "ಸಾರಾಯಿ ವಿಪರೀತ ಇದೆ. ಹೊಟ್ಟೆಯಲ್ಲಿ ಅನ್ನದ ಅಗುಳಿಲ್ಲ. ಆದರೆ ಅದರಿಂದ ಸತ್ತಿಲ್ಲ. ಉಸಿರಿನ ಕೊಳವೆಯಲ್ಲಿ ನೀರು ಹೋಗಿದೆ."

"ತೊಟ್ಟಿಯಲ್ಲಿ ಮುಳುಗಿಸಿದರೇ?"

"ಅದು ನಿಮ್ಮ ಕೆಲಸ. ನೀರು ತಿಳಿಯಾಗಿದೆ. ನಾನು ಹೇಳುವುದು ಇಷ್ಟೇ. ಪ್ರಜ್ಞೆ ತಪ್ಪಿದವನಿಗೆ ನುಂಗುವುದು ಗೊತ್ತಾಗುವುದಿಲ್ಲ. ಬಾಯಿಗೆ ಬಂದದ್ದು ನೇರ ಶ್ವಾಸಕ್ಕೆ ಹೋಗುತ್ತದೆ. ಮಗ್ಗುಲಾಗಿ ಮಲಗಿಸಿ, ಒಂದು ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಬಂದಿದ್ದರೂ ಉಳಿಸುತ್ತಿದ್ದೆ." ಡಾಕ್ಟರ ಧ್ವನಿ ಒರಟಾಯಿತು. "ಯಾರೂ ತರುವುದಿಲ್ಲ ಗಂಗಾಧರಯ್ಯನವರೇ. ಹುಡುಗರಿಗೆ ಪ್ರಿನ್ಸಿಪಾಲರ ಭಯ. ಮನೆಯವರಿಗೆ ಊರಿನ ಭಯ. ಹೆಣವಾದ ಮೇಲೆ ತರುತ್ತಾರೆ."

ಗಂಗಾಧರಯ್ಯ ಹುಡುಗನ ಬಿಳಿ ಅಂಗಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಹೊರಟರು.

* * *

ನಂಜುಂಡ ಮಾಯಸಂದ್ರದಲ್ಲಿ ಸಿಕ್ಕಿದ. ಸೋದರತ್ತೆ ರಾಮಕ್ಕನ ಮನೆಯ ರಾಗಿ ಕಣಜದ ಹಿಂದೆ ಮುದುಡಿಕೊಂಡು ಕೂತಿದ್ದ. ಗಿಡ್ಡಯ್ಯ ರಟ್ಟೆ ಹಿಡಿದು ಎಳೆದಾಗ ರಾಮಕ್ಕ ಸೆರಗೊಡ್ಡಿ ಅಡ್ಡ ನಿಂತಳು.

"ತಾಯಿಲ್ಲದ ಮಗ ಸ್ವಾಮಿ. ಹೊಡೀಬ್ಯಾಡಿ."

"ಹೊಡೆಯಲ್ಲಮ್ಮ. ಬರೀ ಮಾತಾಡಬೇಕು," ಅಂದರು ಗಂಗಾಧರಯ್ಯ. ಠಾಣೆಯಲ್ಲಿ ಹುಡುಗನ ಮುಂದೆ ಕಾಫಿ ಇಡಿಸಿದರು. ಅವನು ಮುಟ್ಟಲಿಲ್ಲ.

"ಪರೀಕ್ಷೆ ಮುಗೀತು ಅಂತ ಹೋದ್ವಿ ಸಾರ್. ಕೆರೆ ಏರಿ ಹಿಂದೆ ಕೂತ್ವಿ. ಅವ್ನು ಬೆಳಿಗ್ಗೆಯಿಂದ ಏನೂ ತಿಂದಿರ್ಲಿಲ್ಲ. ಒಂದೇ ಗುಟುಕಿಗೆ ಬಾಟ್ಲಿ ಮುಗಿಸ್ತೀಯಾ ಅಂತ ನಾನೇ ಪಂದ್ಯ ಕಟ್ದೆ. ಮುಗಿಸ್ದ. ಎದ್ದು ನಿಂತ. ಬಿದ್ದ."

"ಆಸ್ಪತ್ರೆ ಕೂಗಳತೆಯಲ್ಲಿತ್ತಲ್ಲೋ!"

"ಅಲ್ಲಿ ಹೆಸರು ಬರ್ಕೊಂತಾರೆ ಸಾರ್. ಕಾಲೇಜಿಂದ ತೆಗೆದಾಕ್ತಾರೆ. ಸೈಕಲ್ ಮೇಲೆ ಹೆಂಗೋ ತಳ್ಕೊಂಡು ಅವರ ತೋಟಕ್ಕೆ ತಂದೆ. ಪಂಪ್‌ಹೌಸಲ್ಲಿ ಮಲಗ್ಸಿ ಬಂದೆ. ಗೊರಕೆ ಹೊಡೀತಿದ್ದ. ದೇವ್ರಾಣೆ ಜೀವ ಇತ್ತು ಸಾರ್."

"ಲಿಂಗ ಏನು ಮಾಡಿದೆ?"

ಹುಡುಗ ತಲೆ ಎತ್ತಿದ. "ಕರ್ಚೀಪಿನಲ್ಲೇ ಅವನ ಪಕ್ಕ ಇಟ್ಟೆ. ಕುಡಿದ ಕೈ ಸಾರ್. ಕೊರಳಿಗೆ ಹಾಕಕ್ಕೆ ಭಯ ಆಯ್ತು."

"ಆಮೇಲೆ ಯಾರಿಗೆ ಹೇಳಿದೆ?"

"ಯಾರಿಗೂ ಇಲ್ಲ."

"ನಂಜುಂಡ, ಗೊರಕೆ ಹೊಡೆಯುವವನು ಎದ್ದು ಲಿಂಗ ಹಾಕಿಕೊಳ್ಳುತ್ತಾನಾ? ನಿನ್ನ ಹಿಂದೆ ಯಾರೋ ಬಂದಿದ್ದಾರೆ. ಯಾರು ಹೇಳು."

ಹುಡುಗ ಕಣ್ಣು ಮುಚ್ಚಿಕೊಂಡ. "ಪಂದ್ಯ ಕಟ್ಟಿದ್ದು ನಾನು. ಕೊಂದಿದ್ದೂ ನಾನೇ ಅಂತ ಬರ್ಕೊಳ್ಳಿ ಸಾರ್. ಇನ್ನೇನೂ ಕೇಳ್ಬೇಡಿ."

ಹೊರಗೆ ಆ ಹೊತ್ತಿಗೆ ಜನ ಸೇರಿದ್ದರು. ಸುದ್ದಿ ಹೇಗೋ ಹಬ್ಬಿತ್ತು. ವಿಷ ಅಲ್ಲವಂತೆ, ನೀರಂತೆ, ತೊಟ್ಟಿಗೆ ತಲೆ ಅದ್ದಿ ಕೊಂದನಂತೆ. ನಿನ್ನೆ ಸಾರಾಯಿ ಅಂಗಡಿಗೆ ಬೆಂಕಿ ಇಡುತ್ತೇವೆ ಅಂದವರೇ ಇವತ್ತು ಹುಡುಗನನ್ನು ನಮ್ಮ ಕೈಗೆ ಕೊಡಿ ಅನ್ನುತ್ತಿದ್ದರು. ಯಾರೋ ಎಸೆದ ಕಲ್ಲು ಕಿಟಕಿಯ ಗಾಜು ಒಡೆಯಿತು. ಗುಂಪಿನ ಹಿಂದೆ, ಹುಚ್ಚರಂಗಯ್ಯನ ಅಂಗಡಿಯನ್ನು ಗುತ್ತಿಗೆ ಹಿಡಿದಿದ್ದ ಸಾರಾಯಿ ಕಂಟ್ರಾಕ್ಟರನ ಕಾರು ನಿಂತಿತ್ತು. ಕೊಲೆ ಅಂತಾದರೆ ಅವನ ಅಂಗಡಿ ಪಾರು.

ಫೋನು ಬಂತು. ಮೇಲಿನ ಸಾಹೇಬರು.

"ಆರೋಪಿ ಸಿಕ್ಕಿದ್ದಾನೆ, ಒಪ್ಪಿಕೊಂಡೂ ಇದ್ದಾನೆ. ಇನ್ನೇನ್ರೀ ಎಣಿಸ್ತಾ ಕೂತಿದ್ದೀರಿ? ನಾಳೆ ಕೋರ್ಟಿಗೆ ಹಾಜರುಪಡಿಸಿ. ಕೊಲೆ ಅಂತ ಬರೀರಿ."

"ಸಾರ್, ಹುಡುಗನ ತಲೆಗೂದಲು ಒಣಗಿತ್ತು. ತೊಟ್ಟಿಯಲ್ಲಿ ಅದ್ದಿದ್ದರೆ..."

ಫೋನು ಇಟ್ಟ ಸದ್ದು ಕೇಳಿಸಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಇಲಾಖೆಯ ಹಳೆಯ ಅಭ್ಯಾಸ. ಲಾಕಪ್ಪಿನಲ್ಲಿ ಹದಿನೇಳರ ಹುಡುಗನೊಬ್ಬ ಗೋಡೆಗೆ ಮುಖ ಮಾಡಿ ಕೂತಿದ್ದ. ಗಂಗಾಧರಯ್ಯನ ಕೈಯಲ್ಲಿ ಒಂದು ದಿನವೂ ಉಳಿದಿರಲಿಲ್ಲ. ಅವರಿಗೆ ಅಳು ಬಂದಂತಾಯಿತು.

ಸುಮ್ಮನೆ ಕೂರಲಾಗದೆ ಪೇಪರ್ ಬಿಚ್ಚಿ ಅಂಗಿಯನ್ನು ಮೇಜಿನ ಮೇಲೆ ಹರಡಿದರು. ನಿನ್ನೆ ಬೆಳಿಗ್ಗೆ ಬೆಳ್ಳಗಿದ್ದ ಅಂಗಿ. ಈಗ ಕೊರಳಪಟ್ಟಿಯಿಂದ ಎದೆಯವರೆಗೆ ಕಂದು ಕಲೆ ಎದ್ದಿತ್ತು. ರಕ್ತವಲ್ಲ. ಸಾರಾಯಿಯೂ ಅಲ್ಲ. ತೊಟ್ಟಿಯ ನೀರಿಗೆ ಇಂಥ ಬಣ್ಣವಿಲ್ಲ.

ಈ ಕಲೆ ಅವರಿಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಇದೇ ಕಲೆಗೆ ಅವ್ವನ ಕೈಯಿಂದ ಏಟು ತಿಂದಿದ್ದರು. ಬಿದ್ದಾಗ ಕಾಣುವುದಿಲ್ಲ, ಒಣಗಿದ ಮೇಲೆ ಏಳುತ್ತದೆ, ಎಷ್ಟು ಒಗೆದರೂ ಹೋಗುವುದಿಲ್ಲ. ಇರುವೆ ಸಾಲಿನ ಅರ್ಥವೂ ಆಗಲೇ ಹೊಳೆಯಿತು. ಸಿಹಿ ಇಲ್ಲದ ಕಡೆ ಇರುವೆಗೇನು ಕೆಲಸ?

"ಗಿಡ್ಡಯ್ಯ, ಜೀಪು ತೆಗೆಸು. ಬಿಳಿಗೆರೆಗೆ."

* * *

ತೋಟದಲ್ಲಿ ಗಂಗಾಧರಯ್ಯ ಮೇಲೆ ನೋಡುತ್ತ ನಡೆದರು. ದನದ ಕೊಟ್ಟಿಗೆಯ ಹಿಂದೆ ಒಂದು ಗಿಡ್ಡ ಮರ. ಏಣಿ ಅದಕ್ಕೇ ಒರಗಿಸಿತ್ತು. ತುಂಬಿದ ಗೊನೆಯಲ್ಲಿ ಒಂದೇ ಒಂದು ಎಳಗಾಯಿ ಕಡಿದ ತೊಟ್ಟು, ಇನ್ನೂ ಹಸಿಯಾಗಿತ್ತು.

ಶಂಭುಲಿಂಗಯ್ಯ ಜಗುಲಿಯ ಮೇಲೆ ಕೂತಿದ್ದರು. ಮಗನನ್ನು ಮಣ್ಣು ಮಾಡಿ ಬಂದ ಮನೆ. ನೆಂಟರು ಸಾವಿನ ಸುದ್ದಿ ಕೇಳಿದ ಬೆಳಿಗ್ಗೆಯೇ ಬಸ್ಸು ಹತ್ತಿದ್ದರು. ಒಳಬಾಗಿಲಲ್ಲಿ ಹೆಂಡತಿ ಗುರುಶಾಂತಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

ಗಂಗಾಧರಯ್ಯ ಅಂಗಿಯನ್ನು ಜಗುಲಿಯ ಮೇಲೆ ಹಾಸಿದರು.

"ಎಳನೀರಿನ ಕಲೆ. ನಿಮಗೆ ನಾನು ಹೇಳಬೇಕಾಗಿಲ್ಲ."

ಶಂಭುಲಿಂಗಯ್ಯ ಅಂಗಿಯನ್ನು ನೋಡಿದರು.

"ನಂಜುಂಡ ಲಿಂಗವನ್ನು ಪಕ್ಕದಲ್ಲಿಟ್ಟು ಹೋದ. ಯಾರೋ ಅದನ್ನು ಎತ್ತಿ ಕೊರಳಿಗೆ ಹಾಕಿದರು, ಅಂಗಿಯ ಗುಂಡಿ ಹಾಕಿದರು. ಕೊಲ್ಲಲು ಬಂದವರು ಅಷ್ಟು ಅಕ್ಕರೆ ಮಾಡುವುದಿಲ್ಲ. ಅದೇ ಕೈ ಒಂದು ಎಳನೀರು ಕಿತ್ತು, ಅಮಲು ಇಳಿಯಲಿ ಅಂತ, ಅಂಗಾತ ಮಲಗಿದವನ ಬಾಯಿಗೆ ಹೊಯ್ದಿತು. ಅದು ಹೊಟ್ಟೆಗೆ ಹೋಗಲಿಲ್ಲ, ಉಸಿರಿಗೆ ಹೋಯಿತು. ಇನ್ನು ಈ ತೋಟದಲ್ಲಿ ಎಳಗಾಯಿಗೆ ಕುಡುಗೋಲು ಹಾಕುವ ಧೈರ್ಯ ಯಾರಿಗಿದೆ? ಆಳಿಗಿದೆಯೇ? ಕಳ್ಳ ಬಂದರೂ ಬಲಿತ ಕಾಯಿ ಒಯ್ಯುತ್ತಾನೆ. ಹಾಗೆ ಕಡಿಯಬಲ್ಲವರು ಒಬ್ಬರೇ ಯಜಮಾನರೇ. ನೀವು."

ಒಳಬಾಗಿಲಲ್ಲಿ ಗುರುಶಾಂತಮ್ಮ ಕುಸಿದು ಕೂತರು.

"ನಾನು ಬಡ್ಕಂಡೆ ಸಾರ್," ಅಂದರು. "ಗಾಡಿ ಕಟ್ಸಿ, ಆಸ್ಪತ್ರೆಗೆ ಹೋಗಾನಾ ಅಂದೆ. ನೆಂಟ್ರು ಉಣ್ಣಕ್ಕೆ ಕೂತವ್ರೆ, ಗಾಡಿ ಕಟ್ಟಿದ್ರೆ ಯಾಕೆ ಅಂತಾರೆ, ಅಣ್ಣ ಕುಡುಕ ಅಂದ್ರೆ ತಂಗೀನ ಯಾರು ಮಾಡ್ಕಂತಾರೆ ಅಂದ್ರು ಇವ್ರು."

ಶಂಭುಲಿಂಗಯ್ಯ ಹೆಂಡತಿಯ ಕಡೆ ನೋಡದೆ ಹೇಳಿದರು.

"ಆ ಹುಡ್ಗ ಹಿತ್ಲು ಬಾಗ್ಲಿಗೆ ಬಂದು ಹೇಳ್ದ. ಎಲ್ಲೂ ಬಾಯಿ ಬುಡಬ್ಯಾಡ ಅಂತ ಅವನ ಸತ್ತ ತಾಯಿ ಮ್ಯಾಲೆ ಆಣೆ ಹಾಕಿಸ್ಕಂಡು ಕಳಿಸ್ದೆ. ಎಳನೀರು ತಂಪು ಅಲ್ವಾ ಸಾರ್? ಕುಡಿದೋರಿಗೆ ಎಲ್ರೂ ಎಳನೀರು ಕುಡಿಸ್ತಾರಲ್ಲ? ಒಂದ್ಸಲ ಕೆಮ್ಮಿದ. ಆಮ್ಯಾಲೆ ಸದ್ದು ನಿಂತೋಯ್ತು. ನಿದ್ದೆ ಹತ್ತಿತು ಅಂದ್ಕಂಡು ಕದ ಮುಂದುಕ್ ಮಾಡಿ ಬಂದೆ. ನೆಂಟ್ರಿಗೆ ತಾಂಬೂಲ ಕೊಟ್ಟೆ."

"ಅಲ್ಲಿಯವರೆಗೆ ನಿಮಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಡಾಕ್ಟರು ನೀರು ಅಂದಾಗ ಗೊತ್ತಾಯಿತಲ್ಲ? ತಾಯಿಲ್ಲದ ಆ ಹುಡುಗ ಕೊಲೆಗಾರ ಅಂತ ಜನ ಕಲ್ಲು ಎಸೆದಾಗ ಯಾಕೆ ಸುಮ್ಮನಿದ್ದಿರಿ?"

ಶಂಭುಲಿಂಗಯ್ಯ ಅಂಗಿಯ ಮೇಲೆ ಕೈಯಾಡಿಸಿದರು.

"ಮಗನ್ನ ಅಪ್ಪನೇ ಕೊಂದ ಅನ್ನಿಸ್ಕಳಕ್ಕಿಂತ..." ಅಂದರು. ಅಲ್ಲಿಗೆ ನಿಲ್ಲಿಸಿ ತಾವೇ ಎದ್ದು ಜೀಪಿನ ಕಡೆ ನಡೆದರು. ಚಪ್ಪಲಿ ಮೆಟ್ಟುವುದನ್ನೂ ಮರೆತಿದ್ದರು.

ಅಪರಾಧಿ ಸಿಕ್ಕಾಗ ಪೊಲೀಸಿನವನಿಗೆ ಒಂದು ಹಗುರ ಇರುತ್ತದೆ. ಆ ದಿನ ಗಂಗಾಧರಯ್ಯನಿಗೆ ಅದು ಸಿಗಲಿಲ್ಲ.

* * *

ನಂಜುಂಡ ಬಿಡುಗಡೆಯಾದ. ಕಾಲೇಜಿಗೆ ಮಾತ್ರ ಮತ್ತೆ ಹೋಗಲಿಲ್ಲ. ಮಾಯಸಂದ್ರದಲ್ಲಿ ಕಾಯಿ ಸುಲಿಯುತ್ತಾನೆ ಎಂದು ಗಿಡ್ಡಯ್ಯ ಸುದ್ದಿ ತಂದ. ಶಂಭುಲಿಂಗಯ್ಯನ ಮೇಲೆ ಅಜಾಗರೂಕತೆಯಿಂದ ಸಾವಿಗೆ ಕಾರಣವಾದ ಕೇಸು. ಜಾಮೀನಿಗೆ ಬಂದವರನ್ನೆಲ್ಲ ಅವರೇ ಬೇಡವೆಂದು ಕಳಿಸಿದರು. ವಯಸ್ಸು ತುಂಬದವನಿಗೆ ಸಾರಾಯಿ ಮಾರಿದ್ದಕ್ಕೆ ಹುಚ್ಚರಂಗಯ್ಯನಿಗೆ ದಂಡ ಬಿತ್ತು. ಕಟ್ಟಿದ. ಅಂಗಡಿ ತೆರೆದ. ಬೋರ್ಡಿಗೆ ಹೊಸ ಬಣ್ಣ ಬಳಿಸಿದ. ಟವಲ್ಲಿಗೆ ಬೇರೆ ಮೊಳೆ ಹೊಡೆದಿದ್ದ, ಅಷ್ಟೇ ವ್ಯತ್ಯಾಸ.

ಗುರುಶಾಂತಮ್ಮನಿಗೆ ಸಾಕ್ಷಿ ಹೇಳಲು ಬಂದ ಕೋರ್ಟಿನ ಸಮನ್ಸು ಕೊಡಲು ಗಂಗಾಧರಯ್ಯ ತಾವೇ ಬಿಳಿಗೆರೆಗೆ ಹೋದರು. ಗುರುಶಾಂತಮ್ಮ ಕೊಟ್ಟಿಗೆಯ ಹಿಂದೆ, ಆ ಗಿಡ್ಡ ಮರದ ಬುಡದಲ್ಲಿ ಕೂತಿದ್ದರು. ಕಾಗದ ಇಸಿದುಕೊಂಡು ಮಡಿಲಲ್ಲಿಟ್ಟುಕೊಂಡರು.

"ಸಾರ್, ಒಂದು ಮಾತು ಕೇಳ್ಲಾ? ಮಗ್ಗುಲಾಗಿ ಮಲಗಿಸಿದ್ರೆ ಉಳೀತಿದ್ನಂತೆ. ಡಾಕ್ಟ್ರು ಹೇಳಿದ್ರಂತೆ. ಹೌದಾ?"

"ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ಹಾಕದೆ, ಆಸ್ಪತ್ರೆಗೆ ತಂದಿದ್ದರೆ. ಹೌದು ತಾಯಿ."

"ಅಷ್ಟೇನಾ?"

"ಅಷ್ಟೇ ತಾಯಿ."

"ಅಷ್ಟು ಓದಿಸ್ತಾರಲ್ಲ ಸಾರ್ ಕಾಲೇಜ್ನಾಗೆ. ಇದೊಂದು ಯಾರೂ ಹೇಳ್ಕೊಡಲ್ವಾ? ಕುಡೀಬ್ಯಾಡಿ ಅಂತ ನಾವೆಲ್ಲ ಹೇಳಿದ್ವಿ. ಕುಡಿದು ಬಿದ್ದೋನ್ನ ಏನ್ ಮಾಡ್ಬೇಕು ಅಂತ ಯಾರಿಗೂ ಗೊತ್ತಿರ್ಲಿಲ್ಲ."

ಬಿಸಿಲು ಸುಡುತ್ತಿತ್ತು. ಗಂಗಾಧರಯ್ಯ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು. ಗುರುಶಾಂತಮ್ಮ ಅದನ್ನು ನೋಡಿದರು. ಮೊಣಕಾಲು ಹಿಡಿದು ಎದ್ದು, ಮರಕ್ಕೆ ಒರಗಿಸಿದ್ದ ಏಣಿಯ ಮೇಲೆ ಕೈಯಿಟ್ಟರು.

"ಬಾಯಾರಿ ಬಂದಿದ್ದೀರಿ. ನನ್ನ ಬಯಕೆಗೂ ಕೀಳಲಿಲ್ಲ ಸಾರ್ ಅವ್ರು. ಜೀವಮಾನದಾಗೆ ಕಿತ್ತಿದ್ದು ಒಂದೇ, ಅದೂ ಮಗನ ಜೀವ ಉಳೀಲಿ ಅಂತ." ಅವರು ಮೇಲೆ ಗೊನೆಯ ಕಡೆ ನೋಡಿದರು. "ಕಾಡಸಿದ್ದಪ್ಪನ್ನ ಕರೆದು ಒಂದು ಎಳನೀರು ಕೀಳಿಸ್ಲಾ? ಈಗ ಬ್ಯಾಡ ಅನ್ನೋರು ಯಾರೂ ಇಲ್ಲ."

ಗಂಗಾಧರಯ್ಯನ ನಾಲಗೆ ಒಣಗಿತ್ತು. "ಬೇಡ ತಾಯಿ," ಅಂದರು. ಕೈ ಮುಗಿದು, ಜೀಪಿನ ಕಡೆ ನಡೆದರು.